ನಮ್ಮ ಡ್ಯಾಶ್‌ಬೋರ್ಡ್ ಎಣಿಸಿದ್ದೇನು?

ಕಳೆದ ವರ್ಷ ನಾವು ಮೂವರು ಗೆಳತಿಯರು ಸೇರಿ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಸಣ್ಣ ವೆಬ್ ಆ್ಯಪ್ ಮಾಡಿದ್ದೆವು. ಲಾಗಿನ್ ಆಗಿ ವಿಷಯ ಆರಿಸಿದರೆ ಪತ್ರಿಕೆಯ ಪಿಡಿಎಫ್ ಸಿಗುತ್ತಿತ್ತು. ಕಂಪ್ಯೂಟರ್ ಸೈನ್ಸ್ ಸರ್‌ಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಮಂದಿ ಬಳಸುತ್ತಿದ್ದಾರೆ?" ನಮ್ಮಲ್ಲಿ ಉತ್ತರವಿರಲಿಲ್ಲ. ಅದಕ್ಕಾಗಿ ಡ್ಯಾಶ್‌ಬೋರ್ಡ್ ಸೇರಿಸಲು ಹೊರಟೆವು.

ಕಾರಿನಲ್ಲಿ ವೇಗ, ಪೆಟ್ರೋಲ್ ತೋರಿಸುವ ಫಲಕ ಇರುತ್ತದಲ್ಲ, ಇದೂ ಅಂಥದ್ದೇ. ಆ್ಯಪನ್ನು ಜನ ಹೇಗೆ ಬಳಸುತ್ತಿದ್ದಾರೆ ಎಂಬುದನ್ನು ಒಂದೇ ಪುಟದಲ್ಲಿ ಅಂಕಿ ಮತ್ತು ಗ್ರಾಫ್‌ಗಳಲ್ಲಿ ತೋರಿಸುತ್ತದೆ.

ಕೆಲಸ ಮೂರು ಹಂತದ್ದು. ಮೊದಲು ಡೇಟಾಬೇಸ್‌ನಲ್ಲಿ ಒಂದು ಟೇಬಲ್: ಯಾರು, ಏನು ಮಾಡಿದರು, ಯಾವಾಗ. ಪುಟ ತೆರೆದಾಗ, ಪಿಡಿಎಫ್ ಇಳಿಸಿಕೊಂಡಾಗ ಅದರಲ್ಲಿ ಒಂದು ಸಾಲು ಸೇರುತ್ತದೆ. ಎರಡನೆಯದು, ಆ ಸಾಲುಗಳನ್ನು ದಿನವಾರು ಎಣಿಸುವುದು. ನಾವು ಎಸ್‌ಕ್ಯೂಎಲ್ ಪಾಠದಲ್ಲಿ ಕಲಿಯುವ 'ಗ್ರೂಪ್ ಬೈ' ಇದಕ್ಕೆ ಸಾಕು. ಮೂರನೆಯದು, ಫಲಿತಾಂಶವನ್ನು ಗ್ರಾಫ್ ಮಾಡುವುದು. ನಾವು ಉಚಿತವಾಗಿ ಸಿಗುವ ಚಾರ್ಟ್.ಜೆಎಸ್ ಬಳಸಿದೆವು.

ಮೊದಲ ದಿನವೇ ಗ್ರಾಫ್ ಮೇಲಕ್ಕೇರಿತು. ಖುಷಿಪಟ್ಟೆವು. ಆಮೇಲೆ ನೋಡಿದರೆ, ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾವೇ ಮತ್ತೆ ಮತ್ತೆ ರಿಫ್ರೆಶ್ ಮಾಡಿದ್ದೆವು! ಒಬ್ಬಳೇ 20 ಬಾರಿ ಪುಟ ತೆರೆದರೆ ವೀಕ್ಷಣೆ 20, ಆದರೆ ಬಳಕೆದಾರಳು ಒಬ್ಬಳೇ. ಆದ್ದರಿಂದ 'ಕೌಂಟ್ ಡಿಸ್ಟಿಂಕ್ಟ್' ಬಳಸಿ ಬೇರೆ ಬೇರೆ ವ್ಯಕ್ತಿಗಳನ್ನು ಎಣಿಸಬೇಕು. ಕಳೆದ ವಾರ ಬಂದವರಲ್ಲಿ ಎಷ್ಟು ಮಂದಿ ಈ ವಾರ ಮತ್ತೆ ಬಂದರು ಎಂಬುದು ಅದಕ್ಕಿಂತಲೂ ಉಪಯುಕ್ತ.

ಎರಡನೆಯ ತಪ್ಪು ಗಡಿಯಾರದ್ದು. ನಮ್ಮ ಸರ್ವರ್ ಯುಟಿಸಿ ಸಮಯದಲ್ಲಿತ್ತು. ಭಾರತೀಯ ಕಾಲಮಾನ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಅಂದರೆ ನಮಗೆ ಬೆಳಿಗ್ಗೆ 5:30 ಆಗುವವರೆಗೂ ಸರ್ವರ್‌ಗೆ ಹಿಂದಿನ ದಿನವೇ. ರಮಝಾನಿನಲ್ಲಿ ಸಹರಿಗೆ ಎದ್ದು 4:30ಕ್ಕೆ ಓದಲು ಕೂತವರೆಲ್ಲ ನಿನ್ನೆಯ ಲೆಕ್ಕಕ್ಕೆ ಹೋಗಿದ್ದರು. ಎಣಿಸುವ ಮೊದಲು ಸಮಯವನ್ನು ನಮ್ಮ ಕಾಲಮಾನಕ್ಕೆ ಬದಲಾಯಿಸಿ ಸರಿಪಡಿಸಿದೆವು.

ಮೂರನೆಯ ತಪ್ಪನ್ನು ಅಷ್ಟು ಸುಲಭವಾಗಿ ಸರಿಪಡಿಸಲಾಗಲಿಲ್ಲ. ಸ್ಪರ್ಧೆ ಇದ್ದರೆ ಓದುವ ಉತ್ಸಾಹ ಬರುತ್ತದೆ ಎಂದು ನಾನೇ 'ಹೆಚ್ಚು ಬಳಸಿದವರು' ಎಂಬ ಪಟ್ಟಿಯನ್ನು ಹೆಸರು ಸಮೇತ ಹಾಕಿದೆ. ಎಲ್ಲರಿಗೂ ಕಾಣುತ್ತಿತ್ತು. ಪಟ್ಟಿಯ ಕೊನೆಯಲ್ಲಿದ್ದ ಸಹಪಾಠಿಯನ್ನು ಕೆಲವರು ಚುಡಾಯಿಸಿದರು. ಅವಳು ನನ್ನ ಬಳಿ ಬಂದು ಮೆಲ್ಲನೆ ಹೇಳಿದಳು: "ನಮ್ಮ ಮನೆಯಲ್ಲಿ ಇರುವುದು ಅಣ್ಣನ ಫೋನ್ ಒಂದೇ. ಒಂದು ಸಲ ಲಾಗಿನ್ ಆಗಿ ಎಲ್ಲ ಪತ್ರಿಕೆ ಇಳಿಸಿಕೊಂಡೆ, ಪ್ರಿಂಟ್ ತೆಗೆಸಿದೆ." ಆ ಪ್ರಿಂಟ್‌ಗಳನ್ನು ತೋರಿಸಿದಳು. ಪ್ರತಿ ಪತ್ರಿಕೆಯ ಅಂಚಿನಲ್ಲೂ ಪೆನ್ಸಿಲ್‌ನಲ್ಲಿ ಲೆಕ್ಕ ಬಿಡಿಸಿದ್ದಳು. ನಮ್ಮ ಟೇಬಲ್‌ನಲ್ಲಿ ಅವಳ ಹೆಸರಿಗೆ ಇದ್ದದ್ದು ಒಂದೇ ಲಾಗಿನ್. ನಾನು ಅವಳಲ್ಲಿ ಕ್ಷಮೆ ಕೇಳಿದೆ, ಅಂದೇ ಪಟ್ಟಿ ತೆಗೆದೆ.

ಈ ವಿಷಯ ತಿಳಿದ ಸರ್ ಇನ್ನೊಂದು ಮಾತು ಹೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಕ್ಕಳ ಆನ್‌ಲೈನ್ ನಡವಳಿಕೆಯ ಮೇಲೆ ಕಣ್ಣಿಡುವುದನ್ನು ಆ ಕಾಯ್ದೆ ನಿಷೇಧಿಸುತ್ತದೆ. ಪಿಯುಸಿಯಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಆ ವಯಸ್ಸಿನವರೇ ಅಲ್ಲವೇ?

ಈಗ ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಹೆಸರುಗಳಿಲ್ಲ. ಯಾವ ವಿಷಯದ ಪತ್ರಿಕೆಗೆ ಬೇಡಿಕೆ ಹೆಚ್ಚು, ಯಾವ ಲಿಂಕ್ ಕೆಟ್ಟಿದೆ ಎಂಬುದಷ್ಟೇ ಕಾಣುತ್ತದೆ. 5ಕ್ಕಿಂತ ಕಡಿಮೆ ಮಂದಿಯ ಸಂಖ್ಯೆಯನ್ನೂ ತೋರಿಸುವುದಿಲ್ಲ, ಯಾರೆಂದು ಊಹಿಸಲು ಆಗಬಾರದು. ಹಳೆಯ ದಾಖಲೆಗಳನ್ನು ಅಳಿಸಿದ್ದೇವೆ.

ಪ್ರಾಜೆಕ್ಟ್‌ಗೆ ಡ್ಯಾಶ್‌ಬೋರ್ಡ್ ಮಾಡುವ ಸ್ನೇಹಿತರೇ, ಕೋಡ್ ಬರೆಯುವ ಮೊದಲು ಮೂರು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಳ್ಳಿ: ಏನನ್ನು ಎಣಿಸುತ್ತೇವೆ? ಆ ಅಂಕಿ ನೋಡಿ ಏನನ್ನು ಸರಿಪಡಿಸುತ್ತೇವೆ? ಅದನ್ನು ಯಾರು ನೋಡುತ್ತಾರೆ? ಮೂರನೆಯದನ್ನು ನಾನು ಕೇಳಿಕೊಂಡಿರಲಿಲ್ಲ.