ಶಾಲಾ ಬಸ್ಸಿನ ಕಾರ್ಖಾನೆಯಲ್ಲಿ ಹುಟ್ಟಿದ ಮೋಟಾರು ಮನೆ: ‘ವಾಂಡರ್‌ಲಾಡ್ಜ್’ನ ಏಳುಬೀಳು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಫೋರ್ಟ್ ವ್ಯಾಲಿ ಒಂದು ಸಣ್ಣ ಪಟ್ಟಣ. ಸುತ್ತಲೂ ಪೀಚ್ ಹಣ್ಣಿನ ತೋಟಗಳು. ಆ ಜಿಲ್ಲೆಗೆ ಪೀಚ್ ಕೌಂಟಿ ಎಂದೇ ಹೆಸರು. ಈ ಊರಿನ ಬ್ಲೂ ಬರ್ಡ್ ಸಂಸ್ಥೆ ಹಳದಿ ಬಣ್ಣದ ಶಾಲಾ ಬಸ್ಸುಗಳಿಗಾಗಿ ಆ ದೇಶದಲ್ಲೆಲ್ಲ ಹೆಸರಾದುದು. ಅದೇ ಸಂಸ್ಥೆಯಿಂದ 1963ರಿಂದ ಮೊದಲ್ಗೊಂಡು ನಾಲ್ಕು ದಶಕಗಳಿಗೂ ಮಿಕ್ಕಿ ಐಷಾರಾಮಿ ಮೋಟಾರು ಮನೆಗಳೂ ಹೊರಬಂದವು ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಅಡುಗೆಮನೆ, ಮಲಗುವ ಕೋಣೆ, ಸ್ನಾನಗೃಹ, ಜನರೇಟರ್ ಎಲ್ಲವನ್ನೂ ಒಂದೇ ಬಸ್ಸಿನೊಳಗೆ ಅಡಕಗೊಳಿಸಿದ ಈ ವಾಹನಕ್ಕೆ ‘ವಾಂಡರ್‌ಲಾಡ್ಜ್’ ಎಂದು ಹೆಸರು. 2007ರಲ್ಲಿ ಈ ವಿಭಾಗ ಪರರ ಪಾಲಾಯಿತು. 2009ರ ಹೊತ್ತಿಗೆ ತಯಾರಿಕೆಯೇ ನಿಂತಿತು. ಶಾಲಾ ಬಸ್ಸಿನ ವ್ಯವಹಾರ ಮಾತ್ರ ಇಂದಿಗೂ ಮುಂದುವರಿದಿದೆ. ಒಂದೇ ಸೂರಿನಡಿ ಬೆಳೆದ ಎರಡು ಉತ್ಪನ್ನಗಳಲ್ಲಿ ಒಂದು ಉಳಿದು ಇನ್ನೊಂದು ಅಳಿದ ಕಾರಣಗಳು ಗ್ರಾಹಕರ ಬೇಡಿಕೆಗೆ ತಕ್ಕಂತೆ ಸರಕು ತಯಾರಿಸಿಕೊಡುವ ಯಾವುದೇ ಸಣ್ಣ ಉದ್ಯಮಿಗೂ ಆಸಕ್ತಿ ಹುಟ್ಟಿಸುವಂಥವು.

ಮರದ ಬಾಡಿಯಿಂದ ಉಕ್ಕಿನ ಬಾಡಿಗೆ

ಸಂಸ್ಥೆಯ ಸ್ಥಾಪಕ ಆಲ್ಬರ್ಟ್ ಲೂಸ್ ಮೂಲತಃ ಫೋರ್ಡ್ ಕಾರುಗಳ ಡೀಲರ್. 1920ರ ದಶಕದ ನಡುವಿನಲ್ಲಿ ಕಾರ್ಮಿಕರನ್ನು ಸಾಗಿಸಲು ಬಸ್ಸೊಂದು ಬೇಕೆಂದು ಗ್ರಾಹಕರೊಬ್ಬರು ಕೇಳಿದಾಗ ಲೂಸ್ ಫೋರ್ಡ್ ಚಾಸಿಗೆ ಬೇರೆಡೆಯಿಂದ ತರಿಸಿದ ಮರದ ಬಾಡಿ ಕೂರಿಸಿ ಮಾರಿದರು. ಗ್ರಾಹಕರು ಕಂತುಗಳನ್ನು ತೀರಿಸುವ ಮೊದಲೇ ಆ ಬಾಡಿ ಕಳಚಿಕೊಳ್ಳತೊಡಗಿತು. ಜಾರ್ಜಿಯಾದ ಹಳ್ಳಿಗಾಡಿನ ಹೊಂಡಬಿದ್ದ ದಾರಿಗಳಿಗೆ ಮರದ ಚೌಕಟ್ಟು ತಾಳದು ಎಂಬುದು ಖಚಿತವಾಯಿತು. 1927ರಲ್ಲಿ ಲೂಸ್ ಉಕ್ಕಿನ ಚೌಕಟ್ಟಿನ ಬಾಡಿಯೊಂದನ್ನು ತಾವೇ ಕಟ್ಟಿಸಿದರು. ‘ಬ್ಲೂ ಬರ್ಡ್ ನಂಬರ್ 1’ ಎಂದು ಕರೆಯಲಾಗುವ ಆ ವಾಹನ ಮಿಷಿಗನ್ ರಾಜ್ಯದ ಡಿಯರ್‌ಬರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯ ಸೇರಿದೆ. 1932ರಲ್ಲಿ ಆರ್ಥಿಕ ಮುಗ್ಗಟ್ಟು ತೀವ್ರವಾಗಿದ್ದಾಗಲೇ ಲೂಸ್ ಡೀಲರ್‌ಶಿಪ್ ಬಿಟ್ಟು ಪೂರ್ಣವಾಗಿ ಬಸ್ಸಿನ ಉದ್ಯಮಕ್ಕೆ ಇಳಿದರು.

ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು ಎಂಬುದು ನಮ್ಮ ದೇಶದ ಬಸ್ ಉದ್ಯಮಕ್ಕೂ ಪರಿಚಿತವಾದ ಪದ್ಧತಿ. ಬ್ಲೂ ಬರ್ಡ್ ಈ ಪದ್ಧತಿಯಿಂದ ಒಂದು ಹೆಜ್ಜೆ ಮುಂದೆ ಹೋಯಿತು. ಎಂಜಿನ್ನಿನ ಮೂತಿ ಮುಂದಕ್ಕೆ ಚಾಚದ, ಚಪ್ಪಟೆ ಮುಖದ ‘ಆಲ್ ಅಮೆರಿಕನ್’ ಬಸ್ಸಿಗೆ 1950ರ ದಶಕದಲ್ಲಿ ತನ್ನದೇ ಚಾಸಿಯನ್ನು ಸಿದ್ಧಪಡಿಸಿಕೊಂಡಿತು. ಮುಂದೆ ಮೋಟಾರು ಮನೆಗೆ ಆಧಾರವಾದದ್ದು ಈ ಬಸ್ಸೇ.

ಹೆಚ್ಚುವರಿ ಹೂಡಿಕೆಯಿಲ್ಲದ ಹೊಸ ಸರಕು

ಮೋಟಾರು ಮನೆ ಎಂಬ ಕಲ್ಪನೆ ಆಗ ಹೊಸದಾಗಿತ್ತು. 1950ರ ದಶಕದ ಕೊನೆಯಲ್ಲಿ ಮಿಷಿಗನ್ನಿನ ರೇ ಫ್ರಾಂಕ್ ಡಾಡ್ಜ್ ಚಾಸಿಯ ಮೇಲೆ ತಮ್ಮ ಕುಟುಂಬಕ್ಕಾಗಿ ಒಂದನ್ನು ಕಟ್ಟಿ, ಬಳಿಕ ಅದನ್ನೇ ವ್ಯಾಪಾರವಾಗಿಸಿದ್ದರು. 1963ರಲ್ಲಿ ಬ್ಲೂ ಬರ್ಡ್ ತನ್ನ ಬಸ್ಸಿನೊಳಗಿನ ಆಸನಗಳ ಜಾಗದಲ್ಲಿ ಮನೆಯ ಸೌಕರ್ಯಗಳನ್ನು ಕೂರಿಸಿ ‘ಟ್ರಾನ್ಸಿಟ್ ಹೋಮ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಅದು ವಾಂಡರ್‌ಲಾಡ್ಜ್ ಆಯಿತು. ಸ್ಥಾಪಕರ ಮಕ್ಕಳಾದ ಜಾರ್ಜ್, ಆಲ್ಬರ್ಟ್ ಜೂನಿಯರ್ ಮತ್ತು ಜೋಸೆಫ್ ಸಂಸ್ಥೆಯನ್ನು ನಡೆಸುತ್ತಿದ್ದ ಕಾಲವದು.

ಈ ನಿರ್ಧಾರದ ವ್ಯಾವಹಾರಿಕ ಜಾಣ್ಮೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಶಾಲಾ ಬಸ್ಸು ಟೆಂಡರಿನ ಸರಕು. ಕೊಳ್ಳುವವರು ಸ್ಥಳೀಯ ಶಾಲಾ ಆಡಳಿತ ಮಂಡಳಿಗಳು. ನಿಗದಿತ ಮಾನದಂಡಕ್ಕೆ ಒಳಪಟ್ಟ ವಾಹನಕ್ಕೆ ಕಡಿಮೆ ಬೆಲೆ ಸೂಚಿಸಿದವರಿಗೆ ಆದೇಶ. 1939ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಸಿರ್ ಕರೆದ ಸಮ್ಮೇಳನದಲ್ಲಿ ಬಣ್ಣವೂ ಸೇರಿದಂತೆ 44 ಮಾನದಂಡಗಳು ಗೊತ್ತಾದ ಮೇಲೆ ಒಬ್ಬರ ಬಸ್ಸಿಗೂ ಇನ್ನೊಬ್ಬರ ಬಸ್ಸಿಗೂ ಹೊರನೋಟದ ಅಂತರ ಕುಗ್ಗಿತು. ಲಾಭದ ಅಂಚು ತೆಳು. ಮೇಲಾಗಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮೊದಲು ಬಸ್ಸುಗಳು ತಲುಪಬೇಕಾದುದರಿಂದ ಕೆಲಸವೂ ಋತುಮಾನಕ್ಕೆ ಕಟ್ಟುಬಿದ್ದದ್ದು.

ಮೋಟಾರು ಮನೆಯದು ಇದಕ್ಕೆ ವಿರುದ್ಧವಾದ ವ್ಯಾಪಾರ. ಇಲ್ಲಿ ಕೊಳ್ಳುವವನು ತನ್ನ ಸ್ವಂತ ಹಣ ತರುತ್ತಾನೆ, ಬಟ್ಟೆಯ ಬಣ್ಣದಿಂದ ಹಿಡಿದು ಮರಗೆಲಸದವರೆಗೆ ತನಗೊಪ್ಪುವುದನ್ನು ಕೇಳುತ್ತಾನೆ, ಬೆಲೆಗೆ ಹೆಚ್ಚು ಚೌಕಾಸಿ ಮಾಡುವುದಿಲ್ಲ. ಆದರೆ ಇಂಥ ವಾಹನಗಳು ಎಂದಿಗೂ ಅಲ್ಪ ಸಂಖ್ಯೆಯಲ್ಲಷ್ಟೇ ಮಾರಾಟವಾಗುತ್ತವೆ. ಅಷ್ಟು ಕಡಿಮೆ ಸಂಖ್ಯೆಗಾಗಿ ಚಾಸಿ, ಉಕ್ಕಿನ ಪಕ್ಕೆಲುಬು, ಅಚ್ಚು, ಒತ್ತುಯಂತ್ರ ಇವನ್ನೆಲ್ಲ ಪ್ರತ್ಯೇಕವಾಗಿ ಹೊಂದಿಸಲು ಯಾವ ಸಂಸ್ಥೆಗೂ ಕಟ್ಟುಬಾಳುವುದಿಲ್ಲ. ಬ್ಲೂ ಬರ್ಡ್‌ನಲ್ಲಿ ಆ ವೆಚ್ಚವನ್ನು ಸಾವಿರಾರು ಶಾಲಾ ಬಸ್ಸುಗಳು ಆಗಲೇ ಭರಿಸಿದ್ದವು. ಹೊಸದಾಗಿ ಬೇಕಾದದ್ದು ಬಡಗಿಗಳು, ಕೊಳಾಯಿ ಮತ್ತು ವಿದ್ಯುತ್ ಕೆಲಸಗಾರರು, ಒಳ್ಳೆಯ ಹೊಲಿಗೆಯವರು.

1966ರಲ್ಲಿ ಅಯೋವಾ ರಾಜ್ಯದ ವಿನ್ನೆಬೇಗೊ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ನಡುವೆ ಫೋಮ್ ತುಂಬಿದ ಹಗುರ ಗೋಡೆಗಳನ್ನು ಬಳಸಿ, ಒಂದರ ಹಿಂದೊಂದರಂತೆ ಸಾಲುಜೋಡಣೆಯಲ್ಲಿ ಕಟ್ಟಿ, ಮಧ್ಯಮ ವರ್ಗಕ್ಕೆ ಎಟಕುವ ಬೆಲೆಗೆ ಮಾರಿತು. ಬ್ಲೂ ಬರ್ಡ್ ಆ ಪೈಪೋಟಿಗೆ ಇಳಿಯಲೇ ಇಲ್ಲ. ಭಾರವಾದ ಉಕ್ಕಿನ ಬಾಡಿ, ಲಾರಿಗಳಿಗೆ ಬಳಸುವ ಕ್ಯಾಟರ್‌ಪಿಲ್ಲರ್ ಮತ್ತು ಡೆಟ್ರಾಯಿಟ್ ಡೀಸೆಲ್ ಎಂಜಿನ್ನುಗಳು, ಗೇರಿಗೆ ಆಲಿಸನ್ ಪೆಟ್ಟಿಗೆ, ವಿಮಾನದ ಚಾಲಕ ಕೋಣೆಯನ್ನು ನೆನಪಿಸುವಷ್ಟು ಮೀಟರುಗಳ ಸಾಲು ಇವೇ ಅದರ ಗುರುತಾದವು. 1977ರಲ್ಲಿ ಶಾಲಾ ಬಸ್ಸುಗಳ ಮೇಲ್ಛಾವಣಿ ಮತ್ತು ಬೆಸುಗೆಗಳ ದೃಢತೆಗೆ ಅಮೆರಿಕ ಸರ್ಕಾರ ಕಟ್ಟುನಿಟ್ಟಿನ ನಿಯಮ ತಂದಾಗ ಬಸ್ಸಿನ ಬಾಡಿ ಇನ್ನಷ್ಟು ಗಟ್ಟಿಯಾಯಿತು. ಮಕ್ಕಳ ಸುರಕ್ಷತೆಗೆಂದು ಬೆಳೆಸಿಕೊಂಡ ಆ ಕಸುಬಿನ ಫಲ ಶ್ರೀಮಂತ ಪ್ರವಾಸಿಗೂ ದಕ್ಕಿತು.

ಮಾಲೀಕತ್ವದ ಕೈಬದಲು

1992ರಲ್ಲಿ ಲೂಸ್ ಕುಟುಂಬ ಸಂಸ್ಥೆಯನ್ನು ಮೆರಿಲ್ ಲಿಂಚ್‌ನ ಹೂಡಿಕೆ ಅಂಗಕ್ಕೆ ಮಾರಿತು. ಬಹುಪಾಲು ಸಾಲದ ಹಣದಿಂದ ನಡೆದ ಖರೀದಿ ಅದು. ಇಂಥ ವ್ಯವಹಾರಗಳಲ್ಲಿ ಸಾಲದ ಹೊರೆ ಬಂದು ಕೂರುವುದು ಕೊಂಡ ಸಂಸ್ಥೆಯ ಲೆಕ್ಕಪುಸ್ತಕದಲ್ಲೇ. 1999ರಲ್ಲಿ ಬ್ರಿಟನ್ನಿನ ಹೆನ್ಲೀಸ್ ಸಮೂಹ ಬ್ಲೂ ಬರ್ಡ್ ಅನ್ನು ಕೊಂಡಿತು. ಇಲ್ಲೊಂದು ವಿಚಿತ್ರ ಸನ್ನಿವೇಶ ಏರ್ಪಟ್ಟಿತು. ಕೆನಡಾದ ಪ್ರೆವೋ ಎಂಬ ಬಸ್ ಸಂಸ್ಥೆಯಲ್ಲಿ ಹೆನ್ಲೀಸ್ 1995ರಿಂದಲೇ ವೋಲ್ವೊ ಜೊತೆ ಪಾಲುದಾರ. ಈ ಪ್ರೆವೋ ಖಾಲಿ ಬಸ್ ಕವಚಗಳನ್ನು ಮಾರಾಟ ಮಾಡುತ್ತಿತ್ತು. ಒಳಾಂಗಣ ಕೂರಿಸುವ ಸ್ವತಂತ್ರ ಕುಶಲಕರ್ಮಿ ಸಂಸ್ಥೆಗಳು ಅದನ್ನು ಕೊಂಡು ವಾಂಡರ್‌ಲಾಡ್ಜ್‌ಗೆ ನೇರ ಪ್ರತಿಸ್ಪರ್ಧಿಯಾದ ಮೋಟಾರು ಮನೆಗಳನ್ನು ತಯಾರಿಸುತ್ತಿದ್ದವು. ಒಂದೇ ಮಾಲೀಕ ಸ್ಪರ್ಧೆಯ ಎರಡೂ ಬದಿಯಲ್ಲಿ ನಿಂತಂತಾಯಿತು.

ಅದೇ ಹೊತ್ತಿಗೆ ಗ್ರಾಹಕರ ಅಭಿರುಚಿಯೂ ತಿರುಗಿತ್ತು. ವಾಹನ ನಿಂತಾಗ ಗೋಡೆಯ ಒಂದು ಭಾಗ ಮೇಜಿನ ಡ್ರಾಯರಿನಂತೆ ಹೊರಕ್ಕೆ ಸರಿದು ಕೋಣೆ ವಿಶಾಲವಾಗುವ ‘ಸ್ಲೈಡ್ಔಟ್’ ವ್ಯವಸ್ಥೆ 1990ರ ದಶಕದಲ್ಲಿ ಹಬ್ಬಿತು. ಹಗುರ ಗೋಡೆಯ ವಾಹನದಲ್ಲಿ ಅದನ್ನು ಅಳವಡಿಸುವುದು ಅಷ್ಟು ಕಷ್ಟವಲ್ಲ. ಬಸ್ಸಿನ ಬಾಡಿಯಲ್ಲಾದರೋ ಪಕ್ಕದ ಗೋಡೆಯ ಉಕ್ಕಿನ ಪಕ್ಕೆಲುಬುಗಳೇ ಭಾರ ಹೊರುವುದು. ಅವನ್ನು ಕತ್ತರಿಸಿದರೆ ಇಡೀ ಚೌಕಟ್ಟನ್ನು ಹೊಸದಾಗಿ ಲೆಕ್ಕ ಹಾಕಬೇಕು. ಹೀಗಾಗಿ ಎಲ್‌ಎಕ್ಸ್‌ಐ, ಎಂ380 ಮುಂತಾದ ಕೊನೆಯ ಮಾದರಿಗಳನ್ನು ಶಾಲಾ ಬಸ್ಸಿನಿಂದ ಬೇರೆಯಾಗಿಯೇ ರೂಪಿಸಬೇಕಾಯಿತು. ಬೆಲೆ ಲಕ್ಷಾಂತರ ಡಾಲರಿಗೆ ಏರಿತು, ವಾಹನಗಳೂ ಭವ್ಯವಾಗಿದ್ದವು. ಆದರೆ ಅಚ್ಚು, ವಿನ್ಯಾಸ, ಪರೀಕ್ಷೆಗಳ ಖರ್ಚನ್ನು ಹಂಚಿಕೊಳ್ಳಲು ಹಳದಿ ಬಸ್ಸು ಜೊತೆಗಿರಲಿಲ್ಲ. ವಾಂಡರ್‌ಲಾಡ್ಜ್‌ನ ಅವನತಿ ಶುರುವಾದದ್ದು ಇಲ್ಲಿಂದಲೇ ಎನ್ನಬೇಕು. ಮುಂದೆ ಬಂದ ಮಾರುಕಟ್ಟೆಯ ಕುಸಿತ ಆಗಲೇ ಬಿರುಕುಬಿಟ್ಟ ಗೋಡೆಯನ್ನು ಕೆಡವಿತು.

2004ರಲ್ಲಿ ಹೆನ್ಲೀಸ್ ನೆಲಕಚ್ಚಿತು. 2006ರ ಆರಂಭದಲ್ಲಿ ಸಾಲಗಾರರೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡು ನಡೆಸಿದ ದಿವಾಳಿ ಪ್ರಕ್ರಿಯೆಯ ಮೂಲಕ ಬ್ಲೂ ಬರ್ಡ್ ಸರ್ಬೆರಸ್ ಎಂಬ ಹೂಡಿಕೆ ಸಂಸ್ಥೆಯ ಕೈಸೇರಿತು. ಹೊಸ ಮಾಲೀಕರು ಶಾಲಾ ಬಸ್ಸೊಂದೇ ಸಾಕೆಂದು ನಿರ್ಧರಿಸಿದರು. 2007ರಲ್ಲಿ ಮೋಟಾರು ಮನೆಯ ವಿಭಾಗವನ್ನು ಕ್ಯಾಲಿಫೋರ್ನಿಯಾದ ಕಂಪ್ಲೀಟ್ ಕೋಚ್ ವರ್ಕ್ಸ್‌ಗೆ ಮಾರಲಾಯಿತು. ಹಳೆಯ ನಗರ ಸಾರಿಗೆ ಬಸ್ಸುಗಳ ನವೀಕರಣದಲ್ಲಿ ಪಳಗಿದ ಸಂಸ್ಥೆ ಅದು.

ಕೊಂಡ ಕಾಲ ಮಾತ್ರ ಅತಿ ಕೆಟ್ಟದ್ದು. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಪೀಪಾಯಿಗೆ 147 ಡಾಲರ್ ಮುಟ್ಟಿತು; ಸೆಪ್ಟೆಂಬರಿನಲ್ಲಿ ಲೆಹ್ಮನ್ ಬ್ರದರ್ಸ್ ಕುಸಿದು ಬ್ಯಾಂಕುಗಳು ಸಾಲ ಕೊಡುವುದನ್ನೇ ನಿಲ್ಲಿಸಿದವು. ಡೀಲರುಗಳು ದಾಸ್ತಾನು ಇಡುವುದು ಸಾಲದಿಂದ, ಗ್ರಾಹಕರಲ್ಲೂ ಅನೇಕರು ಕೊಳ್ಳುವುದು ಸಾಲದಿಂದ. ಅಮೆರಿಕದಲ್ಲಿ 2006ರಲ್ಲಿ ಎಲ್ಲ ಬಗೆಯ ವಿಹಾರ ವಾಹನಗಳು ಸೇರಿ ಸುಮಾರು 3,90,000 ಕಾರ್ಖಾನೆಗಳಿಂದ ಹೊರಬಿದ್ದಿದ್ದರೆ 2009ರಲ್ಲಿ ಆ ಸಂಖ್ಯೆ ಸುಮಾರು 1,65,000ಕ್ಕೆ ಇಳಿಯಿತು. 2009ರ ಮಾರ್ಚ್ ಒಂದೇ ತಿಂಗಳಲ್ಲಿ ಫ್ಲೀಟ್‌ವುಡ್ ಮತ್ತು ಮೊನಾಕೊ ಎಂಬ ಎರಡು ದೊಡ್ಡ ಸಂಸ್ಥೆಗಳು ದಿವಾಳಿ ರಕ್ಷಣೆ ಕೋರಿದವು. ವಾಂಡರ್‌ಲಾಡ್ಜ್ ಆ ವರ್ಷ ದಾಟಲಿಲ್ಲ.

ಬ್ಲೂ ಬರ್ಡ್ 2015ರಲ್ಲಿ ನಾಸ್ಡಾಕ್ ಷೇರುಪೇಟೆ ಪ್ರವೇಶಿಸಿತು. ಪ್ರೊಪೇನ್ ಮತ್ತು ವಿದ್ಯುತ್ ಚಾಲಿತ ಶಾಲಾ ಬಸ್ಸುಗಳನ್ನು ಫೋರ್ಟ್ ವ್ಯಾಲಿಯಲ್ಲಿ ತಯಾರಿಸುತ್ತಿದೆ. ಹಳೆಯ ವಾಂಡರ್‌ಲಾಡ್ಜ್‌ಗಳೂ ರಸ್ತೆಯಿಂದ ಮರೆಯಾಗಿಲ್ಲ. ಎಂಜಿನ್, ಗೇರ್‌ಬಾಕ್ಸ್, ಬ್ರೇಕು ಎಲ್ಲವೂ ಲಾರಿಗಳದೇ ಆದ್ದರಿಂದ ಅವುಗಳ ಬಿಡಿಭಾಗ ಹೊಂದಿಸುವುದು ದೊಡ್ಡ ಮಾತಲ್ಲ. ತೊಂದರೆ ಕೊಡುವುದು ಆಯಾ ಗ್ರಾಹಕನ ಇಷ್ಟಕ್ಕೆ ತಕ್ಕಂತೆ ಮಾಡಿದ ಒಳಗಿನ ಕೆಲಸ. ಮೈಲುಗಟ್ಟಲೆ ಎಳೆದ ವೈರಿಂಗಿನ ನಕ್ಷೆ ಕೈಯಲ್ಲಿಲ್ಲದಿದ್ದರೆ ಅನುಭವಿ ಮೆಕ್ಯಾನಿಕ್ ಸಹ ತಡಕಾಡುತ್ತಾನೆ. ಆದಕಾರಣ ಹಳೆಯ ವಾಹನ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವ ಮೊದಲು ಕಾರ್ಖಾನೆಯ ಮೂಲ ಕಾಗದಪತ್ರಗಳು ಇವೆಯೇ ಎಂದು ವಿಚಾರಿಸುವುದು ಒಳ್ಳೆಯದು.