ಊರು ಖಾಲಿ, ಸಂಸತ್ತಿನಲ್ಲಿ ಮಾತ್ರ ಇಬ್ಬರು!

ಒಂದು ಗುಡ್ಡ. ಅದರ ಸುತ್ತ ಎರಡು ಸುತ್ತು ಮಣ್ಣಿನ ದಿಬ್ಬ. ನಡುವೆ ಕುಸಿದುಬಿದ್ದ ಹಳೆಯ ಕೋಟೆಯ ಗೋಡೆಗಳು, ಮಿಕ್ಕಂತೆ ಬರೀ ಹುಲ್ಲು. ಬೀದಿಯಿಲ್ಲ, ಅಂಗಡಿಯಿಲ್ಲ, ಸಂತೆಯಿಲ್ಲ. ಆದರೂ ಚುನಾವಣೆ ಬಂದಾಗಲೆಲ್ಲ ಈ ಗುಡ್ಡದ ಹೆಸರಿನಲ್ಲಿ ಇಬ್ಬರು ಆಯ್ಕೆಯಾಗಿ ಲಂಡನ್ನಿನ ಸಂಸತ್ತಿಗೆ ಹೋಗುತ್ತಿದ್ದರು. ಅದೇ ಹೊತ್ತಿನಲ್ಲಿ, ಲಕ್ಷಕ್ಕೂ ಮೀರಿ ಜನರಿದ್ದ ಮ್ಯಾಂಚೆಸ್ಟರ್ ನಗರಕ್ಕೆ ತನ್ನದೇ ಆದ ಒಬ್ಬ ಸಂಸದನೂ ಇರಲಿಲ್ಲ.

ಇದು ಕಟ್ಟುಕತೆಯಲ್ಲ. ಆ ಗುಡ್ಡದ ಹೆಸರು ಓಲ್ಡ್ ಸೇರಮ್. ಇಂಗ್ಲೆಂಡಿನ ವಿಲ್ಟ್‌ಶೈರ್ ಜಿಲ್ಲೆಯಲ್ಲಿ, ಸಾಲ್ಸ್‌ಬರಿ ನಗರದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿದೆ. ಇತಿಹಾಸ ಓದಿದವರಿಗೆ, ಅದರಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೆ ‘1832ರ ಸುಧಾರಣಾ ಕಾಯ್ದೆ’ ಎಂಬ ಸಾಲು ಗೊತ್ತಿರುತ್ತದೆ. ನಾನೂ ಆ ಸಾಲನ್ನು ಇಸವಿ ಸಮೇತ ಬಾಯಿಪಾಠ ಮಾಡಿದವಳೇ. ‘ರಾಟನ್ ಬರೋ’, ಅಂದರೆ ಕೊಳೆತ ಕ್ಷೇತ್ರ, ಎಂಬ ಪದದ ಮುಂದೆ ಉದಾಹರಣೆಯಾಗಿ ಓಲ್ಡ್ ಸೇರಮ್ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಜನರೇ ಇಲ್ಲದ ಒಂದು ಕ್ಷೇತ್ರ ನೂರಾರು ವರ್ಷ ಹೇಗೆ ಬದುಕಿತ್ತು? ಅದನ್ನು ಮುಚ್ಚಲು ಯಾಕೆ ಅಷ್ಟು ಕಾಲ ಬೇಕಾಯಿತು? ಈ ಪ್ರಶ್ನೆಯ ಹಿಂದೆ ಬಿದ್ದಾಗ ನನಗೆ ಸಿಕ್ಕಿದ್ದು ಅಂಕಕ್ಕಿಂತ ದೊಡ್ಡ ಕತೆ. ಆ ಕತೆಯಲ್ಲಿ ನಮ್ಮ ದೇಶದ ದುಡ್ಡೂ ಇದೆ.

ಊರು ಗುಡ್ಡ ಇಳಿದ ಕತೆ

ಓಲ್ಡ್ ಸೇರಮ್ ಮೊದಲಿನಿಂದಲೂ ಹಾಳೂರಲ್ಲ. ಆ ಮಣ್ಣಿನ ದಿಬ್ಬಗಳು ಕಬ್ಬಿಣ ಯುಗದವು. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಕೋಟೆ ಕಟ್ಟಿದರು. 1086ರಲ್ಲಿ ರಾಜ ಒಂದನೇ ವಿಲಿಯಂ ದೇಶದ ದೊಡ್ಡ ಜಮೀನುದಾರರನ್ನು ಇಲ್ಲಿಗೇ ಕರೆಸಿ, ತನಗೆ ನಿಷ್ಠರಾಗಿರುವುದಾಗಿ ಪ್ರಮಾಣ ಮಾಡಿಸಿಕೊಂಡ. ಗುಡ್ಡದ ಮೇಲೆ ದೊಡ್ಡದೊಂದು ಚರ್ಚೂ ಎದ್ದಿತು.

ಆದರೆ ಅಲ್ಲಿನ ಬದುಕು ಸುಲಭವಿರಲಿಲ್ಲ. ಗುಡ್ಡದ ಮೇಲೆ ನೀರಿಗೆ ಬರ, ಗಾಳಿಯ ಹೊಡೆತ ಬೇರೆ. ಸಾಲದ್ದಕ್ಕೆ ಕೋಟೆಯ ಸೈನಿಕರಿಗೂ ಚರ್ಚಿನ ಪಾದ್ರಿಗಳಿಗೂ ಜಗಳ. ಕೊನೆಗೆ ಪಾದ್ರಿಗಳು ಗುಡ್ಡ ಇಳಿಯಲು ನಿರ್ಧರಿಸಿದರು. 1220ರಲ್ಲಿ ಕೆಳಗಿನ ನದಿ ಬಯಲಿನಲ್ಲಿ ಹೊಸ ಚರ್ಚಿಗೆ ಅಡಿಪಾಯ ಬಿತ್ತು. ಅದರ ಸುತ್ತ ಬೆಳೆದದ್ದೇ ಇಂದಿನ ಸಾಲ್ಸ್‌ಬರಿ. ಜನ ಹೋದರು, ವ್ಯಾಪಾರ ಹೋಯಿತು, ಹಳೆಯ ಚರ್ಚಿನ ಕಲ್ಲುಗಳೂ ಹೊಸ ಕಟ್ಟಡಗಳಿಗೆ ಹೋದವು.

ಹೋಗದೆ ಉಳಿದದ್ದು ಒಂದೇ, ಸಂಸತ್ತಿನಲ್ಲಿದ್ದ ಎರಡು ಸೀಟು. 1295ರಲ್ಲಿ ಸೇರಿದ ಸಂಸತ್ತಿಗೆ ಈ ಊರಿನಿಂದಲೂ ಪ್ರತಿನಿಧಿಗಳನ್ನು ಕರೆಸಲಾಗಿತ್ತು. ಮುಂದೆ ಅದೇ ವಾಡಿಕೆಯಾಯಿತು. ಕೆಳಗಿನ ಹೊಸ ಊರಿಗೆ ಬೇರೆ ಎರಡು ಸೀಟು ಸಿಕ್ಕವು. ಮೇಲಿನ ಊರು ಖಾಲಿಯಾದರೂ ಅದರ ಸೀಟುಗಳನ್ನು ಯಾರೂ ತೆಗೆಯಲಿಲ್ಲ. ಜನಸಂಖ್ಯೆ ನೋಡಿ ಸೀಟು ಹಂಚುವ ಪದ್ಧತಿ ಆಗ ಇರಲೇ ಇಲ್ಲ. ಹಳೆಯ ಕಾಲದಲ್ಲಿ ಯಾವ ಊರಿಗೆ ಹಕ್ಕು ಸಿಕ್ಕಿತ್ತೋ ಆ ಊರಿಗೆ ಅದು ಖಾಯಂ.

ಸೈಟಿಗೆ ಅಂಟಿಕೊಂಡ ಓಟು

ಜನರೇ ಇಲ್ಲದಿದ್ದರೆ ಮತ ಹಾಕುತ್ತಿದ್ದವರು ಯಾರು? ಇಲ್ಲೇ ಇರುವುದು ಗುಟ್ಟು. ಓಲ್ಡ್ ಸೇರಮ್‌ನಲ್ಲಿ ಓಟು ಮನುಷ್ಯನದ್ದಾಗಿರಲಿಲ್ಲ, ಜಾಗದ್ದಾಗಿತ್ತು. ‘ಬರ್ಗೇಜ್’ ಎಂದು ಕರೆಯುತ್ತಿದ್ದ ಕೆಲವು ಹಳೆಯ ನಿವೇಶನಗಳಿದ್ದವು. ಆ ಸೈಟು ಯಾರ ಹೆಸರಿನಲ್ಲಿದೆಯೋ ಅವನಿಗೆ ಓಟು. ಸೈಟಿನಲ್ಲಿ ಮನೆ ಇರಬೇಕೆಂದಿಲ್ಲ. ಅವನು ಆ ಊರಿನವನಾಗಬೇಕೆಂದೂ ಇಲ್ಲ. ಹಾಗಾಗಿ ಎಲ್ಲ ಸೈಟುಗಳನ್ನು ಕೊಂಡವನು ಚುನಾವಣೆಯನ್ನೇ ಕೊಂಡ ಹಾಗೆ. ಚುನಾವಣೆ ಹತ್ತಿರ ಬಂದಾಗ ತನಗೆ ಬೇಕಾದವರ ಹೆಸರಿಗೆ ಸೈಟುಗಳನ್ನು ಬರೆದುಕೊಟ್ಟರೆ ಮತದಾರರೂ ಸಿದ್ಧ.

ಗುಡ್ಡದ ಬುಡದ ಹೊಲದಲ್ಲಿ ಒಂದು ಎಲ್ಮ್ ಮರವಿತ್ತು. ಊರಲ್ಲಿ ಕಟ್ಟಡವೇ ಇಲ್ಲವಾದ್ದರಿಂದ ಚುನಾವಣೆ ನಡೆಯುತ್ತಿದ್ದುದು ಆ ಮರದ ಕೆಳಗೆ. ಜನ ಅದಕ್ಕೆ ‘ಪಾರ್ಲಿಮೆಂಟ್ ಮರ’ ಎಂದೇ ಹೆಸರಿಟ್ಟಿದ್ದರು. 1831ರ ಹೊತ್ತಿಗೆ ಕ್ಷೇತ್ರದ ಒಟ್ಟು ಮತದಾರರು 11. ಅಷ್ಟೂ ಜನ ಬೇರೆ ಊರುಗಳಲ್ಲಿ ವಾಸವಿದ್ದ ಜಮೀನುದಾರರು.

ಪರೀಕ್ಷೆಗೆ ಓದುವವರಿಗೆ ಒಂದು ಸಣ್ಣ ಟಿಪ್ಪಣಿ. ಜನಸಂಖ್ಯೆ ಕರಗಿಹೋದ ಕ್ಷೇತ್ರ ‘ರಾಟನ್ ಬರೋ’. ಒಬ್ಬ ಧಣಿಯ ಜೇಬಿನಲ್ಲಿರುವ ಕ್ಷೇತ್ರ ‘ಪಾಕೆಟ್ ಬರೋ’. ಓಲ್ಡ್ ಸೇರಮ್ ಎರಡೂ ಆಗಿತ್ತು.

ಮದ್ರಾಸಿನ ಗವರ್ನರ್, ಗೋಲ್ಕೊಂಡದ ವಜ್ರ

ಹಾಗಾದರೆ ಧಣಿ ಯಾರು? ನನಗೆ ಅಚ್ಚರಿ ತಂದದ್ದು ಇದೇ ಭಾಗ. 17ನೇ ಶತಮಾನದ ಕೊನೆಯಲ್ಲಿ ಓಲ್ಡ್ ಸೇರಮನ್ನು ಕೊಂಡವನ ಹೆಸರು ಥಾಮಸ್ ಪಿಟ್. ಭಾರತದ ಜೊತೆಗಿನ ವ್ಯಾಪಾರದ ಹಕ್ಕು ಈಸ್ಟ್ ಇಂಡಿಯಾ ಕಂಪನಿಗೆ ಮಾತ್ರ ಇದ್ದ ಕಾಲದಲ್ಲಿ, ಕಂಪನಿಯ ಕಣ್ಣು ತಪ್ಪಿಸಿ ಇಲ್ಲಿ ಸ್ವಂತ ವ್ಯಾಪಾರ ಮಾಡಿ ಹಣ ಗಳಿಸಿದವನು ಅವನು. ಕಂಪನಿ ಅವನ ಮೇಲೆ ಕೇಸು ಹಾಕಿ ದಂಡ ಕಟ್ಟಿಸಿತ್ತು. ಊರಿಗೆ ಮರಳಿದ ಪಿಟ್ ಜಮೀನು ಕೊಂಡ, ಕ್ಷೇತ್ರ ಕೊಂಡ, ಸಂಸದನೂ ಆದ. ಕೊನೆಗೆ ಅದೇ ಕಂಪನಿ ಅವನನ್ನು ಮದ್ರಾಸಿನ ಗವರ್ನರ್ ಮಾಡಿ ಕಳಿಸಿತು! 1698ರಿಂದ 1709ರವರೆಗೆ ಅವನು ಆ ಹುದ್ದೆಯಲ್ಲಿದ್ದ.

ಮದ್ರಾಸಿನಲ್ಲಿದ್ದಾಗ ಪಿಟ್ ಒಂದು ದೊಡ್ಡ ವಜ್ರ ಕೊಂಡ. ಅದು ಕೊಲ್ಲೂರು ಗಣಿಯದ್ದು. ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಕೃಷ್ಣಾ ನದಿಯ ದಂಡೆಯಲ್ಲಿದ್ದ, ಆಗ ಗೋಲ್ಕೊಂಡ ಸೀಮೆಗೆ ಸೇರಿದ್ದ ಕೊಲ್ಲೂರು. ಸುಮಾರು 20,400 ಪೌಂಡಿಗೆ ಕೊಂಡ ಆ ಕಲ್ಲನ್ನು 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ 1,35,000 ಪೌಂಡಿಗೆ ಮಾರಿದ. ಇಂದು ‘ರೀಜೆಂಟ್’ ಎಂಬ ಹೆಸರಿನಲ್ಲಿ ಅದು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಪಿಟ್‌ಗೆ ಜನ ಇಟ್ಟ ಅಡ್ಡಹೆಸರೇ ‘ಡೈಮಂಡ್ ಪಿಟ್’.

ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ, 26ನೇ ವಯಸ್ಸಿನಲ್ಲಿ, ಇದೇ ಖಾಲಿ ಗುಡ್ಡದಿಂದ ಸಂಸತ್ತಿಗೆ ಹೋದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ. ಕುಟುಂಬದ ಆಸ್ತಿಯಂತೆ ಕೈಯಿಂದ ಕೈಗೆ ಬಂದ ಕ್ಷೇತ್ರ 1802ರಲ್ಲಿ ಮಾರಾಟವಾಯಿತು. ಬೆಲೆ 60,000 ಪೌಂಡ್. ಕೊಂಡವನು ಅರ್ಲ್ ಆಫ್ ಕಾಲಿಡನ್. ಅವನ ತಂದೆಯೂ ಬಂಗಾಳದಲ್ಲಿ ಕಂಪನಿಯ ನೌಕರಿ ಮಾಡಿ ದುಡ್ಡು ಗಳಿಸಿದವನೇ. ಹುಲ್ಲು ಬೆಳೆಯುವ ಗುಡ್ಡಕ್ಕೆ ಆ ಬೆಲೆ ಯಾರೂ ಕೊಡುವುದಿಲ್ಲ. ಬೆಲೆಯಿದ್ದದ್ದು ಎರಡು ಸೀಟುಗಳಿಗೆ. ನಮ್ಮನ್ನು ಆಳುವ ಕಾನೂನುಗಳು ಆ ಸಂಸತ್ತಿನಲ್ಲೇ ಪಾಸಾಗುತ್ತಿದ್ದವು ಎಂಬುದನ್ನು ನೆನಪಿಟ್ಟುಕೊಂಡರೆ, ಇಲ್ಲಿಂದ ಹೋದ ಹಣ ಅಲ್ಲಿ ಏನನ್ನು ಕೊಂಡಿತು ಎಂಬುದು ಅರ್ಥವಾಗುತ್ತದೆ.

ಗೊತ್ತಿದ್ದವರೂ ಸುಮ್ಮನಿದ್ದರು

ಇದು ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲವೇ? ಹೊಳೆದಿತ್ತು. ಓಲ್ಡ್ ಸೇರಮ್‌ನಿಂದಲೇ ರಾಜಕೀಯಕ್ಕೆ ಬಂದ ವಿಲಿಯಂ ಪಿಟ್, 1766ರಲ್ಲಿ ಸಂಸತ್ತಿನಲ್ಲೇ ಇಂಥ ಕ್ಷೇತ್ರಗಳನ್ನು ಸಂವಿಧಾನದ ಕೊಳೆತ ಭಾಗ ಎಂದು ಕರೆದ. ಅವನ ಮಗ, ಅದೇ ಹೆಸರಿನ ಕಿರಿಯ ಪಿಟ್, 24ನೇ ವಯಸ್ಸಿಗೇ ಪ್ರಧಾನಿಯಾದವನು. ಅವನು ಸಂಸತ್ತಿಗೆ ಕಾಲಿಟ್ಟದ್ದೂ ಧಣಿಯೊಬ್ಬನ ಹಿಡಿತದಲ್ಲಿದ್ದ ಕ್ಷೇತ್ರದಿಂದ. 1785ರಲ್ಲಿ ಅವನು, ಇಂಥ 36 ಕ್ಷೇತ್ರಗಳ ಮಾಲೀಕರಿಗೆ ಪರಿಹಾರ ಕೊಟ್ಟು ಅವುಗಳನ್ನು ಮುಚ್ಚೋಣ ಎಂಬ ಪ್ರಸ್ತಾವ ತಂದ. ಸದನ ಅದನ್ನು ಸೋಲಿಸಿತು. ಪ್ರಧಾನಿಗೇ ಆಗಲಿಲ್ಲ!

ಸಮರ್ಥಿಸುವವರ ಬಳಿಯೂ ವಾದವಿತ್ತು. ಇಂಥ ಕ್ಷೇತ್ರಗಳಿಂದಲೇ ಅಲ್ಲವೇ ಪಿಟ್‌ನಂಥ ಪ್ರತಿಭಾವಂತ ಯುವಕರು ಬಂದದ್ದು ಎಂದು ಅವರು ಕೇಳುತ್ತಿದ್ದರು. ಮ್ಯಾಂಚೆಸ್ಟರ್‌ಗೆ ಸಂಸದನಿಲ್ಲದಿದ್ದರೇನು, ಬೇರೆ ಕ್ಷೇತ್ರದವರು ಅವರ ಹಿತವನ್ನೂ ನೋಡಿಕೊಳ್ಳುತ್ತಾರೆ ಎನ್ನುತ್ತಿದ್ದರು. ಮೊದಲ ವಾದ ಓದಿದಾಗ ನಾನೂ ಒಂದು ಕ್ಷಣ ತಲೆದೂಗಿದೆ. ಯುವಕರಿಗೆ ಅವಕಾಶ ಎಂದರೆ ಯಾರಿಗೆ ಬೇಡ? ಆದರೆ ಆ ಬಾಗಿಲು ತೆರೆಯುತ್ತಿದ್ದದ್ದು ಧಣಿಯ ಮನೆಯ ಹುಡುಗನಿಗೆ, ಇಲ್ಲವೇ ಧಣಿ ಮೆಚ್ಚಿದ ಹುಡುಗನಿಗೆ. ಮ್ಯಾಂಚೆಸ್ಟರ್‌ನ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ಹುಡುಗ ಎಷ್ಟೇ ಬುದ್ಧಿವಂತನಾದರೂ ಅದು ಅವನಿಗೆ ತೆರೆಯುತ್ತಿರಲಿಲ್ಲ.

ನಿಜವಾದ ತೊಡಕು ಇಷ್ಟೇ: ಕ್ಷೇತ್ರವನ್ನು ಮುಚ್ಚುವ ಅಧಿಕಾರ ಸಂಸತ್ತಿಗಿತ್ತು, ಆ ಸಂಸತ್ತಿನಲ್ಲಿ ಕೂತವರಲ್ಲಿ ಬಹಳಷ್ಟು ಜನ ಅಂಥ ಕ್ಷೇತ್ರಗಳಿಂದಲೇ ಬಂದವರು. ಕೂತ ಕೊಂಬೆಯನ್ನು ತಾವೇ ಯಾಕೆ ಕಡಿದಾರು?

ಓಟಿಲ್ಲದವರು ಕೇಳಿದ ಪ್ರಶ್ನೆ

ಹಾಗಾಗಿ ಒತ್ತಡ ಹೊರಗಿನಿಂದಲೇ ಬರಬೇಕಾಯಿತು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದರು. ನೇಕಾರರು, ಗಿರಣಿ ಕಾರ್ಮಿಕರು, ಮಕ್ಕಳನ್ನು ಕರೆತಂದ ಹೆಂಗಸರು. ಕೇಳಿದ್ದು ಸಂಸತ್ತಿನಲ್ಲಿ ಪ್ರಾತಿನಿಧ್ಯ. ಅಧಿಕಾರಿಗಳು ಜನರ ಮೇಲೆ ಕುದುರೆ ಪಡೆಯನ್ನು ಬಿಟ್ಟರು. ಸುಮಾರು 18 ಜನ ಸತ್ತರು, ನೂರಾರು ಜನ ಗಾಯಗೊಂಡರು. ವಾಟರ್‌ಲೂ ಯುದ್ಧ ಗೆದ್ದು ನಾಲ್ಕೇ ವರ್ಷವಾಗಿದ್ದರಿಂದ ಜನ ಇದನ್ನು ಕಹಿಯಾಗಿ ‘ಪೀಟರ್‌ಲೂ’ ಎಂದು ಕರೆದರು.

ಹನ್ನೆರಡು ವರ್ಷದ ನಂತರ, 1831ರಲ್ಲಿ, ಪ್ರಧಾನಿ ಅರ್ಲ್ ಗ್ರೇ ಅವರ ಸರ್ಕಾರ ಸುಧಾರಣಾ ಮಸೂದೆ ತಂದಿತು. ಎರಡನೇ ವಾಚನದಲ್ಲಿ ಅದರ ಪರ 302 ಮತ, ವಿರುದ್ಧ 301. ಒಂದೇ ಒಂದು ಓಟಿನ ಗೆಲುವು! ಆದರೂ ಮಸೂದೆ ಮುಂದೆ ಸಾಗದೆ ಮತ್ತೆ ಚುನಾವಣೆ ನಡೆಯಿತು. ಹೊಸ ಸದನ ಒಪ್ಪಿದ ಎರಡನೇ ಮಸೂದೆಯನ್ನು ಅಕ್ಟೋಬರ್‌ನಲ್ಲಿ ಮೇಲ್ಮನೆ ತಳ್ಳಿಹಾಕಿತು. ನಾಟಿಂಗ್‌ಹ್ಯಾಮ್‌ನಲ್ಲಿ ಕೋಟೆಗೆ ಬೆಂಕಿ ಬಿತ್ತು, ಬ್ರಿಸ್ಟಲ್ ದಿನಗಟ್ಟಲೆ ಉರಿಯಿತು. ಬೇಕಾದರೆ ಹೊಸ ಸದಸ್ಯರನ್ನು ನೇಮಿಸಿಯಾದರೂ ಮಸೂದೆ ಪಾಸು ಮಾಡಿಸಲು ರಾಜ ಒಪ್ಪಿದ ಮೇಲಷ್ಟೇ ಮೇಲ್ಮನೆ ಮಣಿಯಿತು. 1832ರ ಜೂನ್ 7ರಂದು ಕಾಯ್ದೆಗೆ ಅಂಕಿತ ಬಿತ್ತು. ಓಲ್ಡ್ ಸೇರಮ್ ಸೇರಿದಂತೆ 56 ಕ್ಷೇತ್ರಗಳು ಪೂರ್ತಿ ರದ್ದಾದವು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್‌ಗಳಿಗೆ ತಲಾ ಎರಡು ಸೀಟು ಸಿಕ್ಕವು.

ಕತೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ್ಯವೆನ್ನಬಹುದಿತ್ತು. ಆದರೆ ಹೊಸ ಕಾಯ್ದೆಯಲ್ಲೂ ನಗರಗಳಲ್ಲಿ ಓಟು ಸಿಕ್ಕಿದ್ದು ಮುಖ್ಯವಾಗಿ ವರ್ಷಕ್ಕೆ 10 ಪೌಂಡ್ ಬಾಡಿಗೆ ಬೆಲೆಯ ಮನೆಯಿದ್ದ ಗಂಡಸರಿಗೆ. ಮೈದಾನದಲ್ಲಿ ಪೆಟ್ಟು ತಿಂದ ನೇಕಾರರಲ್ಲಿ ಹೆಚ್ಚಿನವರಿಗೆ ಸಿಗಲಿಲ್ಲ. ಹೆಂಗಸರಿಗಂತೂ ಇನ್ನೂ ಕೆಟ್ಟದ್ದಾಯಿತು: ಮತದಾರ ಎಂದರೆ ಗಂಡಸು ಎಂದು ಮೊದಲ ಬಾರಿಗೆ ಕಾಯ್ದೆಯಲ್ಲೇ ಬರೆದರು. ಸಿಟ್ಟಿಗೆದ್ದ ಕಾರ್ಮಿಕರು 1838ರಲ್ಲಿ ಆರು ಬೇಡಿಕೆಗಳ ಸನ್ನದು ಹೊರಡಿಸಿದರು. ಅವರೇ ಚಾರ್ಟಿಸ್ಟರು. ಗುಟ್ಟಿನ ಮತದಾನ ಬರಲು 1872 ಆಯಿತು. ಬಡವನೂ ಸಂಸದನಾಗಲು ಬೇಕಿದ್ದ ಸಂಬಳ ಶುರುವಾಗಲು 1911. ಹೆಂಗಸರಿಗೆ ಗಂಡಸರಷ್ಟೇ ಓಟಿನ ಹಕ್ಕು ಸಿಗಲು 1928. ಓಲ್ಡ್ ಸೇರಮ್ ರದ್ದಾಗಿ ಆಗ 96 ವರ್ಷ ಕಳೆದಿತ್ತು.

ಭಾರತದ ಸಂವಿಧಾನ ಆಸ್ತಿ ಕೇಳದೆ, ಓದು ಕೇಳದೆ, ಗಂಡೋ ಹೆಣ್ಣೋ ಎಂದು ಕೇಳದೆ ಎಲ್ಲ ವಯಸ್ಕರಿಗೂ ಒಂದೇ ಸಲಕ್ಕೆ ಓಟು ಕೊಟ್ಟಿತು. 1951-52ರ ಮೊದಲ ಮಹಾಚುನಾವಣೆಯಲ್ಲೇ ಅದು ಜಾರಿಗೆ ಬಂತು. ಇದನ್ನು ನಾವು ಪೌರನೀತಿಯ ಪುಸ್ತಕದಲ್ಲಿ ಆಕಳಿಸುತ್ತಾ ಓದಿದವರು. ಇಂಗ್ಲೆಂಡಿನ ದಾರಿ ನೋಡಿದ ಮೇಲೆ ಆ ಒಂದು ಸಾಲಿನ ತೂಕ ನನಗೆ ತಿಳಿಯಿತು.

‘ನನ್ನೊಬ್ಬಳ ಓಟಿನಿಂದ ಏನಾಗುತ್ತದೆ?’ ಎಂಬ ಮಾತು ನಮ್ಮ ವಯಸ್ಸಿನವರ ಬಾಯಲ್ಲಿ ಆಗಾಗ ಬರುತ್ತದೆ. ಓಟಿಗೆ ಬೆಲೆಯಿಲ್ಲದಿದ್ದರೆ ಲೆಕ್ಕದಲ್ಲಿ ಪಕ್ಕಾ ಆಗಿದ್ದ ಆ ವ್ಯಾಪಾರಿಗಳು ಖಾಲಿ ಗುಡ್ಡಕ್ಕೆ 60,000 ಪೌಂಡ್ ಸುರಿಯುತ್ತಿರಲಿಲ್ಲ. ಓಟು ಇಲ್ಲದವರು ಅದಕ್ಕಾಗಿ ಕುದುರೆಗಳ ಕಾಲಿಗೆ ಸಿಕ್ಕಿ ಸಾಯುತ್ತಲೂ ಇರಲಿಲ್ಲ. ಕೊಂಡವರಿಗೂ ಅದರ ಬೆಲೆ ಗೊತ್ತಿತ್ತು, ಇಲ್ಲದವರಿಗೂ ಗೊತ್ತಿತ್ತು. ಪುಕ್ಕಟೆ ಸಿಕ್ಕಿದ ನಮಗೂ ಗೊತ್ತಿರಲಿ.