ಚುಕ್ಕಕೂರ ಇದೆ, ತಾಮ್ರದ ಚಿಟ್ಟೆ ಇಲ್ಲ

ಹೈದರಾಬಾದಿನ ಮಲ್ಕಾಜ್‌ಗಿರಿಯ ತರಕಾರಿ ಅಂಗಡಿಗಳಲ್ಲಿ ಚುಕ್ಕಕೂರ ಸಿಗುತ್ತದೆ. ಬೇಳೆಗೆ ಹಾಕುವ ಈ ಹುಳಿ ಸೊಪ್ಪು ರುಮೆಕ್ಸ್ ಕುಲದ್ದು. ಇದೇ ಕುಲದ ಬೇರೆ ಗಿಡಗಳನ್ನು ನಂಬಿ ಯುರೋಪಿನಲ್ಲೂ ನಮ್ಮ ಹಿಮಾಲಯದಲ್ಲೂ ಬದುಕುವ ಪುಟ್ಟ ಪಾತರಗಿತ್ತಿಯೇ ಸ್ಮಾಲ್ ಕಾಪರ್. ಲಿನ್ನೇಯಸ್ 1761ರಲ್ಲಿ ಹೆಸರಿಟ್ಟ ಈ ಚಿಟ್ಟೆಯ ಮುಂದಿನ ರೆಕ್ಕೆ ಬೆಳಗಿದ ತಾಮ್ರದ ಚೊಂಬಿನಂತೆ ಹೊಳೆಯುತ್ತದೆ, ಮೇಲೆ ಕಪ್ಪು ಚುಕ್ಕೆಗಳು. ರೆಕ್ಕೆ ಬಿಚ್ಚಿದರೆ ಮೂರು ಸೆಂಟಿಮೀಟರ್ ಆಸುಪಾಸು. ಆದರೂ ಗಂಡು ಬಿಸಿಲು ಬೀಳುವ ಜಾಗವೊಂದನ್ನು ತನ್ನದೆಂದು ಹಿಡಿದು, ತನಗಿಂತ ದೊಡ್ಡ ಕೀಟಗಳನ್ನೂ ಅಟ್ಟುತ್ತದೆ. ಚಳಿಗಾಲವನ್ನು ಅದು ಕಳೆಯುವುದು ಹುಳುವಾಗಿ. ತಂಪು ಸೀಮೆಯ ಜೀವವಾದ್ದರಿಂದ ದಖ್ಖನ್ನಿನಲ್ಲಿ ಸೊಪ್ಪಿದ್ದರೂ ಅದಿಲ್ಲ.

ಅದರ ಬಳಗ ಮಾತ್ರ ಇಲ್ಲಿದೆ. ಅದು ಸೇರಿದ ಲೈಸಿನಿಡೇ ಕುಟುಂಬದಲ್ಲಿ ಜಗತ್ತಿನಾದ್ಯಂತ 5000ಕ್ಕೂ ಹೆಚ್ಚು ಪ್ರಭೇದಗಳಿವೆ. ಹೈದರಾಬಾದಿನಲ್ಲೂ ಕರ್ನಾಟಕದಲ್ಲೂ ಕಾಣುವ ರೆಡ್ ಪಿಯರೋ ಅವುಗಳಲ್ಲಿ ಒಂದು. ಕಪ್ಪು ರೆಕ್ಕೆ, ಹಿಂಬದಿಯಲ್ಲಿ ಅಗಲವಾದ ಕೆಂಪು-ಕಿತ್ತಳೆ ಪಟ್ಟೆ. ತಾಮ್ರದ ನೆಂಟಸ್ತಿಕೆಯನ್ನು ನೆನಪಿಸುವ ಬಣ್ಣ. ಮೂತ್ರಕಲ್ಲಿಗೆ ಮದ್ದೆಂದು ಅನೇಕರು ಕುಂಡದಲ್ಲಿ ಬೆಳೆಸುವ ಕಾಡುಬಸಳೆಯೇ ಇದರ ತವರು. ಹೆಣ್ಣು ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಹೊರಬಂದ ಹುಳು ದಪ್ಪ ಎಲೆಯನ್ನು ಕೊರೆದು ಒಳಹೊಕ್ಕು, ಎರಡು ಸಿಪ್ಪೆಗಳ ನಡುವೆ ತಿರುಳು ತಿನ್ನುತ್ತಾ ಬೆಳೆಯುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಹುಳುವಿನ ನೆರಳೂ ಹಿಕ್ಕೆಯೂ ಕಾಣುತ್ತವೆ. ಬಲಿತ ಮೇಲೆ ಹೊರಬಂದು ಕೋಶ ಕಟ್ಟುತ್ತದೆ. ಚಿಟ್ಟೆಯಾದ ಮೇಲೂ ಬಹುದೂರ ಹೋಗದೆ ಅದೇ ಗಿಡದ ಸುತ್ತ ತಗ್ಗಿನಲ್ಲಿ ಹಾರಾಡುತ್ತದೆ. ಹಾಗಾಗಿ ಒಂದು ಮಹಡಿಯ ನಾಲ್ಕು ಕುಂಡಗಳೇ ಒಂದು ಸಂತತಿಗೆ ಸಾಕಾದೀತು.

ಹುಲ್ಲಿನ ಮಟ್ಟದಲ್ಲಿ ಹಾರುವ ತಿಳಿನೀಲಿ ಪೇಲ್ ಗ್ರಾಸ್ ಬ್ಲೂ ಚಿಟ್ಟೆಗೆ ಬೇಕಾದದ್ದು ಇನ್ನೂ ಕಡಿಮೆ: ಗೋಡೆಯ ಬುಡದಲ್ಲಿ ತಾನಾಗಿ ಹಬ್ಬುವ, ಮೂರೆಲೆಯ ಪುಲ್ಲಂಪುರಚಿ ಸೊಪ್ಪು. ನಾವು ಕಳೆ ಎಂದು ಮೊದಲು ಕೀಳುವುದು ಅದನ್ನೇ. ಅಂಗಳಕ್ಕೆ ಸಿಮೆಂಟು ಬಿದ್ದರೆ ಈ ಚಿಟ್ಟೆಯ ಮನೆ ಹೋಯಿತು. ಇದು ಉತ್ಪ್ರೇಕ್ಷೆಯಲ್ಲ; ನೆಲೆ ಹೋದರೆ ಚಿಟ್ಟೆಯೂ ಹೋಗುತ್ತದೆ. ಸ್ಮಾಲ್ ಕಾಪರ್‌ನ ದೊಡ್ಡ ಬಂಧು ಲಾರ್ಜ್ ಕಾಪರ್ 19ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಿಂದ ಅಳಿದುಹೋಯಿತು. ಜೌಗು ನೆಲ ಬಸಿದು ಹೊಲ ಮಾಡಿದ್ದೇ ಅದಕ್ಕೆ ಮುಖ್ಯ ಕಾರಣ.

ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧ ಸಿಂಪಡಿಸಬೇಡಿ. ಕಾಡುಬಸಳೆಯ ಒಂದು ಕುಂಡವನ್ನು ಹುಳುಗಳಿಗೆಂದೇ ಬಿಡಿ, ಅಂಗಳದ ಒಂದು ಮೂಲೆಯನ್ನು ಪುಲ್ಲಂಪುರಚಿಗೆ ಬಿಡಿ.